ಹೆರಿಗೆ ಕೋಣೆಯೊಳಗೆ ಯಾರಿರಬೇಕು?

ಸ್ವಲ್ಪ ಉದ್ದದ ಬರಹ. ಪುರುಸೊತ್ತು ಮಾಡ್ಕೊಂಡು ಓದಿ.

ಕಳೆದ ಭಾನುವಾರ ನಮ್ಮ ಮನೇಲಿ ಒಂದು ಜಗಳ ಆಯ್ತು. ತಮ್ಮನ ಹೆಂಡತಿಗೆ ಎಂಟು ತುಂಬಿದೆ, ಚೊಚ್ಚಲು. ತಮ್ಮ ಬೆಂಗಳೂರಲ್ಲಿ ಕಾರು ಓಡಿಸ್ತಾನೆ. ಊಟಕ್ಕೆ ಕೂತಾಗ, "ಅಣ್ಣ, ಹೆರಿಗೆ ಟೈಮಲ್ಲಿ ನಾನೂ ಒಳಗೇ ಇರ್ತೀನಿ. ನೀನು ಅರ್ಜಿಗಿರ್ಜಿ ಬರೀತೀಯಲ್ಲ, ಆಸ್ಪತ್ರೆಯವರ ಹತ್ರ ಮಾತಾಡು" ಅಂದ. ಬೆಂಗಳೂರಿನ ದೊಡ್ಡ ದೊಡ್ಡ ಆಸ್ಪತ್ರೆಗಳಿಗೆ ಬಾಡಿಗೆ ಹೋದಾಗ ನೋಡಿದಾನಂತೆ, ಗಂಡ ಹಸಿರು ಗೌನ್ ಹಾಕ್ಕೊಂಡು ಒಳಗೆ ಹೋಗೋದು, ಮಗು ಎತ್ಕೊಂಡು ಫೋಟೊ ತೆಗಿಸ್ಕೊಳ್ಳೋದು. ಅವ್ವ ಮುದ್ದೆ ಮುರಿಯೋದು ಬಿಟ್ಟು ಕೂಗಾಡಿದ್ಲು: "ಗಂಡಸ್ರು ನೋಡೋದೇನ್ಲಾ ಅದು? ನಿಮ್ಮಪ್ಪ ಏಳು ಹೆರಿಗೇಲೂ ಹೊಲದಲ್ಲಿದ್ದ." ತಮ್ಮ, "ಅದಕ್ಕೇ ಏಳಾಯ್ತು" ಅಂದುಬಿಟ್ಟ. ಆಮೇಲೆ ಏನಾಯ್ತು ಅಂತ ಹೇಳೋದು ಬೇಡ.

ಆ ರಾತ್ರಿಯಿಂದ ಈ ಪ್ರಶ್ನೆ ನನ್ನ ತಲೇಲಿ ಕೂತಿದೆ. ಗಂಡ ಒಳಗಿರಬೇಕಾ ಬೇಡ್ವಾ ಅನ್ನೋದು ಇಂಗ್ಲಿಷ್ ಓದಿದ ಸಿಟಿ ದಂಪತಿಗಳ ಪ್ರಶ್ನೆ ಅಂತ ನಾನೂ ಅಂದ್ಕೊಂಡಿದ್ದೆ. ಹಿಂದಕ್ಕೆ ಹೋಗಿ ನೋಡಿದರೆ ಇದು ನಮ್ಮ ಕೇರಿಯ ಪ್ರಶ್ನೆ. ಯಾಕಂದ್ರೆ ಆ ಕೋಣೆ ಒಳಗೆ ಎಲ್ಲರಿಗಿಂತ ಮೊದಲು ಇದ್ದವಳು ನಮ್ಮಜ್ಜಿ.

ನಮ್ಮಜ್ಜಿ, ಅಂದ್ರೆ ಅವ್ವನ ಅವ್ವ, ಸುತ್ತ ನಾಲ್ಕು ಹಳ್ಳಿಗೆ ಸೂಲಗಿತ್ತಿ. ಎಲ್ಲ ಊರಲ್ಲೂ ಈ ಕೆಲಸ ಹೊಲೇರು ಮಾದಿಗರೇ ಮಾಡ್ತಿದ್ರು ಅಂತ ನಾನು ಹೇಳಲ್ಲ. ದಕ್ಷಿಣದ ಬೇಕಾದಷ್ಟು ಕಡೆ ಕ್ಷೌರಿಕ ಮನೆತನದ ಹೆಂಗಸರು ಮಾಡ್ತಿದ್ರು, ಕೆಲವು ಊರಲ್ಲಿ ಯಾವ ಜಾತಿಯಾದ್ರೂ ಕೈಗುಣ ಇದ್ದ ಮುದುಕಿಯರು ಮಾಡ್ತಿದ್ರು. ನಮ್ಮೂರಲ್ಲಿ ನಮ್ಮಜ್ಜಿ. ಊರ ಗೌಡರ ಮನೆ ಹೊಸಿಲು ಅವಳು ಒಂದು ದಿನವೂ ದಾಟಿದವಳಲ್ಲ. ಕೂಲಿ ರಾಗಿ ಕೂಡ ದೂರದಿಂದ ಸೆರಗಿಗೆ ಹಾಕಿಸ್ಕೊಂಡು ಬರ್ತಿದ್ಲು. ಆದರೆ ಆ ಮನೆ ಸೊಸೆಗೆ ನೋವು ಶುರುವಾದ ರಾತ್ರಿ ಆಳು ಲಾಟೀನು ಹಿಡ್ಕೊಂಡು ಕೇರಿಗೆ ಓಡಿ ಬರ್ತಿದ್ದ. ಅವತ್ತು ಹಿತ್ತಲ ಬಾಗಿಲು ತೆರೀತಿತ್ತು. ಗಂಡ, ಮಾವ, ಮೈದುನ ಎಲ್ಲ ಮುಂದಿನ ಜಗಲಿ ಮೇಲೆ ಬೀಡಿ ಸೇದ್ತಾ ಕೂತಿರೋರು. ಒಳಗೆ ನಮ್ಮಜ್ಜಿ.

ಇದನ್ನ ಸ್ವಲ್ಪ ನಿಧಾನಕ್ಕೆ ಯೋಚನೆ ಮಾಡಿ. ಬೇರೆ ದಿನ ಅವಳ ನೆರಳು ಆಗಲ್ಲ. ಆ ದಿನ ಅವಳ ಕೈ ಬೇಕು, ಅದೂ ಎಲ್ಲಿ? ಆ ಮನೆಯ ಹೆಣ್ಣುಮಗಳ ಮೈಯೊಳಗೆ. ಮಗುವನ್ನು ಮೊದಲು ಮುಟ್ಟಿದ ಕೈ ಅವಳದು. ಹೊಕ್ಕುಳಬಳ್ಳಿ ಕತ್ತರಿಸಿದ್ದು ಅವಳು, ಮಾಸು ಬೀಳೋವರೆಗೂ ಕಾದು ಅದನ್ನ ಮಡಕೇಲಿ ಹಾಕಿ ಹಿತ್ತಲಲ್ಲಿ ಹೂತದ್ದು ಅವಳು. ನೆತ್ತರ ಬಟ್ಟೆ ಒಗೆದದ್ದೂ ಅವಳೇ. ಹನ್ನೊಂದನೇ ದಿನ ಪುರುಡು ಕಳೆಯೋದು. ಮನೆಗೆಲ್ಲ ಗಂಜಲ ಚಿಮುಕಿಸಿ, ಸುಣ್ಣ ಬಳಿದು, ಆಮೇಲೆ ಅಜ್ಜಿಯನ್ನ ಮತ್ತೆ ಹಿತ್ತಲಲ್ಲಿ ನಿಲ್ಲಿಸಿ ಒಂದು ಮೊರ ಅಕ್ಕಿ, ಒಂದಚ್ಚು ಬೆಲ್ಲ, ಎಲೆಅಡಿಕೆ, ಒಂದು ರವಿಕೆ ಕಣ. ಹೆಣ್ಣು ಹುಟ್ಟಿದ್ರೆ ರವಿಕೆ ಕಣ ಇಲ್ಲ. ಅವ್ವ ಹೇಳ್ತಾಳೆ, ಅಜ್ಜಿ ಕೈಯಲ್ಲಿ ಹುಟ್ಟಿದ ಗೌಡರ ಮಗನೊಬ್ಬ ಹತ್ತು ವರ್ಷದವನಾದಾಗ ಅಜ್ಜಿ ಬೊಗಸೆಗೆ ಮೇಲಿಂದ ನೀರು ಹುಯ್ದನಂತೆ, ಮುಟ್ಟದ ಹಾಗೆ. ಅಜ್ಜಿ ಕುಡಿದು ನಕ್ಕು, "ನಿನ್ನ ಬಾಯಿಂದ ಕೊಸರು ತೆಗೆದ ಬೆರಳು ಕಣಪ್ಪಾ ಇದು" ಅಂದಳಂತೆ. ಅವನು ಕಲ್ಲು ತಗೊಂಡನಂತೆ.

ಗಂಡ ಹೊರಗಿರೋದು ಎಲ್ಲಿಂದ ಬಂತು ಅಂತ ಕೇಳಿದ್ರೆ ಜನ 'ನಾಚಿಕೆ' ಅಂತಾರೆ, 'ಹೆಂಗಸರ ವಿಷಯ' ಅಂತಾರೆ. ಸ್ವಲ್ಪ ಮಟ್ಟಿಗೆ ಸರಿ. ಜತೆಗೆ ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕು ಅನ್ನೋ ಪದ್ಧತಿಯಿಂದ ಗಂಡ ಆ ಊರಲ್ಲೇ ಇರ್ತಿರಲಿಲ್ಲ. ಆದರೆ ಮುಖ್ಯ ಕಾರಣ ಮೈಲಿಗೆ. ಹೆರಿಗೆ ನೆತ್ತರು ಮೈಲಿಗೆ, ಆ ಮೈಲಿಗೆ ಹೊತ್ತುಕೊಳ್ಳೋಕೆ ಒಂದು ಜಾತಿ ಬೇಕು, ಒಂದು ಹೆಣ್ಣು ಬೇಕು. ಗಂಡ ಶುದ್ಧವಾಗಿ ಉಳಿಯಲಿ ಅಂತ ನಮ್ಮಜ್ಜಿ ಒಳಗೆ ಹೋದಳು. 'ಗಂಡ ಹೆರಿಗೆ ನೋಡಬಾರದು' ಅನ್ನೋ ಮಾತಿನ ಹಿಂದೆ 'ಅದನ್ನ ನೋಡೋಕೆ ಬೇರೆ ಜನ ಇದ್ದಾರೆ' ಅನ್ನೋ ಮಾತು ಇದೆ.

ಆ ಬೇರೆ ಜನ ಒಂದು ಸಲ 'ಇನ್ನು ಆಗಲ್ಲ' ಅಂದ್ರು. ಉತ್ತರ ಪ್ರದೇಶದಲ್ಲಿ 1950ರ ದಶಕದಿಂದ ನಡೆದ ನಾರಾ-ಮವೇಶಿ ಚಳವಳಿ ಬಗ್ಗೆ ನಮ್ಮ ಕಡೆ ಗೊತ್ತಿರೋರು ಕಡಿಮೆ. ನಾರಾ ಅಂದ್ರೆ ಹೊಕ್ಕುಳಬಳ್ಳಿ, ಮವೇಶಿ ಅಂದ್ರೆ ದನಕರು. ಬಾಬಾಸಾಹೇಬರ ವಿಚಾರ ಕೇಳಿದ ಚಮ್ಮಾರ ಸಮುದಾಯದ ಗಂಡಸರು ಸತ್ತ ದನ ಹೊರಲ್ಲ ಅಂದ್ರು, ಹೆಂಗಸರು ಮೇಲ್ಜಾತಿ ಮನೆಗಳ ಮಕ್ಕಳ ಹೊಕ್ಕುಳಬಳ್ಳಿ ಕತ್ತರಿಸಲ್ಲ ಅಂದ್ರು. ಹೊಡೆತ ಬಿತ್ತು, ಹೊಲಕ್ಕೆ ಹೋಗೋ ದಾರಿ ಮುಚ್ಚಿದ್ರು, ಕೂಲಿ ನಿಲ್ಲಿಸಿದ್ರು. ಇತಿಹಾಸಕಾರ ಬದ್ರಿ ನಾರಾಯಣ್ ಇದನ್ನ ದಾಖಲು ಮಾಡಿದ್ದಾರೆ. ಸತ್ತ ದನ ಹೊರೋದಿಲ್ಲ ಅಂದದ್ದು ನಮ್ಮ ಭಾಷಣಗಳಲ್ಲಿ ಬರುತ್ತೆ. ಹೊಕ್ಕುಳಬಳ್ಳಿ ಕತ್ತರಿಸಲ್ಲ ಅಂದ ಹೆಂಗಸರು ಬರಲ್ಲ. ನನ್ನ ಭಾಷಣದಲ್ಲೂ ಬಂದಿರಲಿಲ್ಲ, ಒಪ್ಕೋತೀನಿ.

ನಮ್ಮಜ್ಜಿ ಹಾಗೆ ಹೇಳಿದವಳಲ್ಲ. ಯಾರು ಕರೆದ್ರೂ ಹೋಗ್ತಿದ್ಲು. "ಒಳಗಿರೋ ಹೆಣ್ಣು ಏನು ಮಾಡಿದ್ಲು?" ಅಂತಿದ್ಲಂತೆ. ಇದನ್ನೂ ಸುಮ್ಮನೆ ತಳ್ಳಿಹಾಕೋಕೆ ನನಗೆ ಮನಸ್ಸು ಬರಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ರು, ಕಾಸು ತಗೊಳ್ಳದೆ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ಕ್ಕೆ ತೀರಿಕೊಂಡ್ರು. ಪೇಪರಿನಲ್ಲಿ ಫೋಟೊ ನೋಡಿ ಅವ್ವ, "ನಮ್ಮವ್ವನೂ ಹಿಂಗೇ ಕೂರ್ತಿದ್ಲು" ಅಂತ ಪೇಪರ್ ಮಡಚಿ ಇಟ್ಕೊಂಡ್ಲು.

ಈಗ ದೊಡ್ಡೋರ ಮನೆ ಕಡೆ ಸ್ವಲ್ಪ ನೋಡೋಣ, ತಮಾಷೆಯಾಗಿದೆ. ಇಂಗ್ಲೆಂಡಿನ ರಾಜರ ಮನೇಲಿ ಹೆರಿಗೆ ಅಂದ್ರೆ ಜಾತ್ರೆ. 1688ರಲ್ಲಿ ಎರಡನೇ ಜೇಮ್ಸ್ ರಾಜನಿಗೆ ಮಗ ಹುಟ್ಟಿದಾಗ ಕೋಣೇಲಿ ಹತ್ತಾರು ಜನ ಇದ್ರು. ಆದ್ರೂ ಹಾಸಿಗೆ ಬಿಸಿ ಮಾಡೋ ಪಾತ್ರೇಲಿ ಬೇರೆ ಯಾರದ್ದೋ ಮಗು ತಂದು ಇಟ್ಟರು ಅಂತ ಪುಕಾರು ಹಬ್ಬಿ, ಕೊನೆಗೆ ಆ ರಾಜ ಸಿಂಹಾಸನವನ್ನೇ ಕಳ್ಕೊಂಡ. ಆಮೇಲೂ ಮಂತ್ರಿಯೊಬ್ಬ ಬಂದು ಸಾಕ್ಷಿಯಾಗಿ ಕಾಯೋ ಪದ್ಧತಿ ಇತ್ತು. 1930ರಲ್ಲಿ ರಾಜಕುಮಾರಿ ಮಾರ್ಗರೆಟ್ ಹುಟ್ಟಿದಾಗ ಸ್ಕಾಟ್ಲೆಂಡಿನವರೆಗೆ ಹೋಗಿ ಕಾದವರು ಗೃಹಮಂತ್ರಿ ಜೆ. ಆರ್. ಕ್ಲೈನ್ಸ್. ಈ ಮನುಷ್ಯ ಹತ್ತನೇ ವಯಸ್ಸಿಗೇ ಹತ್ತಿ ಗಿರಣಿಗೆ ಕೂಲಿಗೆ ಸೇರಿದವನು, ಕಾರ್ಮಿಕ ನಾಯಕ. ಅವನಿಗೆ ಬಂದ ಸರ್ಕಾರಿ ಕೆಲಸ ನೋಡಿ! 1948ರಲ್ಲಿ, ಈಗಿನ ರಾಜ ಚಾರ್ಲ್ಸ್ ಹುಟ್ಟೋ ಮುಂಚೆ, ಆ ಪದ್ಧತಿ ನಿಲ್ಲಿಸಿದ್ರು. ಆಸ್ತಿ ಇರೋ ಕಡೆ ಹೆರಿಗೆಗೆ ಸಾಕ್ಷಿ ಬೇಕು, ಯಾಕಂದ್ರೆ ವಾರಸುದಾರ ಯಾರು ಅನ್ನೋದು ಪ್ರಶ್ನೆ. ಹೆಣ್ಣಿಗೆ ಏನಾಗ್ತಿದೆ ಅನ್ನೋದಕ್ಕೆ ಅಲ್ಲಿ ಸಾಕ್ಷಿ ಯಾರೂ ಕೇಳಿರಲಿಲ್ಲ.

ನೋಡೋ ವಿಷಯಕ್ಕೆ ಬಂದ್ರೆ ಇನ್ನೊಂದು ಹೇಳಲೇಬೇಕು. ಅಮೆರಿಕದ ಅಲಬಾಮಾದ ಮಾಂಟ್ಗೊಮರಿ ಊರಲ್ಲಿ 1845ರಿಂದ 1849ರವರೆಗೆ ಮೇರಿಯನ್ ಸಿಮ್ಸ್ ಅನ್ನೋ ಡಾಕ್ಟರು ಗುಲಾಮ ಕಪ್ಪು ಹೆಂಗಸರ ಮೇಲೆ ಶಸ್ತ್ರಚಿಕಿತ್ಸೆ ಪ್ರಯೋಗ ಮಾಡಿದ. ಕಷ್ಟದ ಹೆರಿಗೆಯಿಂದ ಆಗೋ ಫಿಸ್ಟುಲಾ ಅನ್ನೋ ಗಾಯಕ್ಕೆ. ಅರಿವಳಿಕೆ ಕೊಡಲಿಲ್ಲ. ಅನಾರ್ಚಾ, ಬೆಟ್ಸಿ, ಲೂಸಿ ಅನ್ನೋ ಮೂರು ಹೆಸರು ಉಳಿದಿವೆ. ಅವನನ್ನ ಸ್ತ್ರೀರೋಗ ವೈದ್ಯದ ಪಿತಾಮಹ ಅಂತ ಕರೆದು ನ್ಯೂಯಾರ್ಕಿನಲ್ಲಿ ಪ್ರತಿಮೆ ಇಟ್ಟಿದ್ರು, 2018ರಲ್ಲಿ ಅದನ್ನ ಎತ್ತಿದ್ರು. ಆ ಹೆಂಗಸರ ಗಂಡಂದಿರು ಎಲ್ಲಿದ್ರು, ಗಂಡ ಅಂತ ಇಟ್ಕೊಳ್ಳೋ ಹಕ್ಕಾದ್ರೂ ಇತ್ತಾ, ಯಾರೂ ಬರೆದಿಟ್ಟಿಲ್ಲ. ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆಯೇ ಇರಲಿಲ್ಲ.

ಅದೇ ಅಮೆರಿಕದ ದಕ್ಷಿಣದಲ್ಲಿ 'ಗ್ರ್ಯಾನಿ ಮಿಡ್‌ವೈಫ್' ಅಂತ ಕಪ್ಪು ಅಜ್ಜಿಯರು ಇದ್ರು. ಕಪ್ಪು ಮನೆ, ಬಡ ಬಿಳಿ ಮನೆ ಎರಡೂ ಕಡೆ ಹೆರಿಗೆ ಮಾಡಿಸ್ತಿದ್ರು. 1921ರ ಶೆಪರ್ಡ್-ಟೌನರ್ ಕಾಯ್ದೆ ಬಂದ ಮೇಲೆ ಅವರಿಗೆ ತರಬೇತಿ, ಲೈಸೆನ್ಸ್, ಚೀಲ ತಪಾಸಣೆ ಶುರುವಾಯ್ತು. 1976ರಲ್ಲಿ ಅಲಬಾಮಾ ಕಾನೂನು ಮಾಡಿ ಅವರನ್ನ ಮನೆಗೆ ಕಳಿಸ್ತು. ಓದ್ತಾ ಇದ್ರೆ ನಮ್ಮದೇ ಕತೆ ಅನ್ಸುತ್ತೆ. ಇಲ್ಲಿ 1885ರಲ್ಲಿ ಲೇಡಿ ಡಫರಿನ್ ನಿಧಿ ಬಂತು, ಪರದೆ ಹಿಂದಿನ ಹೆಂಗಸರಿಗೆ ಹೆಂಗಸರೇ ಡಾಕ್ಟರಾಗಲಿ ಅಂತ. 1903ರಲ್ಲಿ ಲೇಡಿ ಕರ್ಜನ್ ದಾಯಿಯರ ತರಬೇತಿಗೆ ಇನ್ನೊಂದು ನಿಧಿ ಮಾಡಿದ್ರು. ನಮ್ಮ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ 1935ರದ್ದು. ಈ ಎಲ್ಲದರ ನಡುವೆ 1927ರಲ್ಲಿ ಕ್ಯಾಥರೀನ್ ಮೇಯೊ 'ಮದರ್ ಇಂಡಿಯಾ' ಪುಸ್ತಕದಲ್ಲಿ ದಾಯಿಯರನ್ನ ಕೊಳಕಿನ ಅವತಾರ ಅನ್ನೋ ಹಾಗೆ ಬರೆದಳು. ಅವಳನ್ನ ಬೈದ ನಮ್ಮ ಮೇಲ್ಜಾತಿ ದೇಶಭಕ್ತರು ಬಹಳ ಜನ. ಆದ್ರೆ ದಾಯಿಯ ಕೈ ಯಾಕೆ ಕೊಳಕಾಗಿತ್ತು, ಅವಳಿಗೆ ಬಾವಿ ನೀರು ಕೊಡದವರು ಯಾರು ಅಂತ ಮೇಯೊನೂ ಸರಿಯಾಗಿ ಕೇಳಲಿಲ್ಲ, ಅವಳನ್ನ ಬೈದವರಂತೂ ಕೇಳಲೇ ಇಲ್ಲ.

ತಪ್ಪು ತಿಳೀಬೇಡಿ, ಆಸ್ಪತ್ರೆ ಬೇಡ ಅಂತ ನಾನು ಹೇಳ್ತಿಲ್ಲ. ಅಜ್ಜಿ ಕೈಯಲ್ಲೂ ತಾಯಂದಿರು ಸತ್ತಿದ್ದಾರೆ. ನೆತ್ತರು ನಿಲ್ಲದೆ ಹೋದ್ರೆ ಸೂಲಗಿತ್ತಿ ಹತ್ರ ಏನೂ ಇರಲಿಲ್ಲ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು. 2005-06ರ ಸಮೀಕ್ಷೇಲಿ ದೇಶದಲ್ಲಿ ನೂರಕ್ಕೆ 38.7 ಹೆರಿಗೆ ಆಸ್ಪತ್ರೇಲಿ ಆಗ್ತಿತ್ತು, 2019-21ರ ಹೊತ್ತಿಗೆ 88.6, ಕರ್ನಾಟಕದಲ್ಲಿ 97. ತಾಯಂದಿರ ಸಾವು ಕಡಿಮೆ ಆಗಿದೆ. ಇದು ಸಣ್ಣ ವಿಷಯ ಅಲ್ಲ. ನನ್ನ ಮಾತು ಇಷ್ಟೇ: ಹೆರಿಗೆ ಮನೆಯಿಂದ ಆಸ್ಪತ್ರೆಗೆ ಹೋದಾಗ ಹೆಣ್ಣಿನ ಜತೆ ಇದ್ದವರೆಲ್ಲ ಬಾಗಿಲ ಹೊರಗೆ ಉಳಿದರು. ಗಂಡ ಮೊದಲಿಂದಲೂ ಹೊರಗೇ. ಈಗ ಅಮ್ಮ, ಅತ್ತೆ, ಸೂಲಗಿತ್ತಿ ಕೂಡ ಹೊರಗೆ. ಒಳಗೆ ಅವಳೊಬ್ಬಳು, ಗುರುತಿಲ್ಲದ ಜನ.

ಅಮೆರಿಕದಲ್ಲಿ ಇದು ನಮಗಿಂತ ಐವತ್ತು ವರ್ಷ ಮುಂಚೆ ಆಯ್ತು. ಹೆರಿಗೆ ಆಸ್ಪತ್ರೆಗೆ ಹೋಯ್ತು, ಗಂಡಂದಿರಿಗೆ ಅಂತ ಒಂದು ಕಾಯೋ ಕೋಣೆ ಬಂತು. ಜೂಡಿತ್ ಲೆವಿಟ್ ಅನ್ನೋ ಇತಿಹಾಸಕಾರ್ತಿ 2009ರಲ್ಲಿ ಈ ಬಗ್ಗೆಯೇ ಒಂದು ಪುಸ್ತಕ ಬರೆದಿದ್ದಾರೆ. ಆ ಕೋಣೆಗಳಲ್ಲಿ ಇಟ್ಟಿದ್ದ ನೋಟ್‌ಬುಕ್ಕಿನಲ್ಲಿ ಗಂಡಂದಿರು ತಮ್ಮ ಭಯ, ಬೇಜಾರು, ಹರಟೆ ಎಲ್ಲ ಗೀಚಿದ್ದನ್ನ ಹುಡುಕಿ ತೆಗೆದಿದ್ದಾರೆ. ಒಳಗೆ ಏನಾಗ್ತಿತ್ತು? ಸ್ಕೊಪೊಲಮಿನ್ ಅನ್ನೋ ಔಷಧಿ ಕೊಟ್ಟು ಹೆಂಗಸರಿಗೆ ನೆನಪೇ ಉಳಿಯದ ಹಾಗೆ ಮಾಡ್ತಿದ್ರು. ಮಂಪರಲ್ಲಿ ಒದ್ದಾಡ್ತಾರೆ ಅಂತ ಕೈಕಾಲು ಕಟ್ಟಿಹಾಕ್ತಿದ್ರು. 1958ರಲ್ಲಿ 'ಲೇಡೀಸ್ ಹೋಮ್ ಜರ್ನಲ್' ಪತ್ರಿಕೆ ಇದನ್ನ ಬಯಲು ಮಾಡ್ತು. ಗಂಡಂದಿರು ಒಳಗೆ ಬರಬೇಕು ಅನ್ನೋ ಕೂಗು ಜೋರಾಗಿದ್ದು ಆ ಹೊತ್ತಿಗೇ. ಡೆನ್ವರಿನ ರಾಬರ್ಟ್ ಬ್ರಾಡ್ಲಿ ಅನ್ನೋ ಡಾಕ್ಟರು 1965ರಲ್ಲಿ ಗಂಡನೇ ಹೆಂಡತಿಗೆ ಹೆರಿಗೇಲಿ ಕೋಚ್ ಆಗಬೇಕು ಅಂತ ಪುಸ್ತಕವನ್ನೇ ಬರೆದ. ಕ್ರಿಕೆಟ್ ಕೋಚ್ ತರ! ನನಗೆ ಆ ಪದ ಕೇಳಿದ್ರೆ ನಗು ಬರುತ್ತೆ. ಹೆರೋದು ಅವಳು, ಕೋಚು ಇವನು.

ಆದರೆ ಇದರ ಇನ್ನೊಂದು ಬೇರು ನಮ್ಮ ಕಾಮ್ರೇಡುಗಳಿಗೆ ಇಷ್ಟ ಆಗುತ್ತೆ. 'ಲಮಾಜ್' ಅನ್ನೋ ಹೆಸರು ಕೇಳಿರ್ತೀರಿ. ಬೆಂಗಳೂರಲ್ಲಿ ಸಾವಿರಾರು ರೂಪಾಯಿ ಕೊಟ್ಟು ದಂಪತಿಗಳು ಲಮಾಜ್ ಕ್ಲಾಸಿಗೆ ಹೋಗ್ತಾರೆ, ಉಸಿರಾಟ ಕಲಿಯೋಕೆ. ಫರ್ನಾಂಡ್ ಲಮಾಜ್ ಪ್ಯಾರಿಸ್ಸಿನ ಡಾಕ್ಟರು. ಅವರು ಕೆಲಸ ಮಾಡ್ತಿದ್ದದ್ದು ಲೋಹ ಕಾರ್ಮಿಕರ ಯೂನಿಯನ್ ನಡೆಸ್ತಿದ್ದ ಆಸ್ಪತ್ರೇಲಿ. ಕೆಂಪು ಬಾವುಟದ ಯೂನಿಯನ್. 1951ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗಿ, ಔಷಧಿ ಇಲ್ಲದೆ, ಮೊದಲೇ ತಿಳಿವಳಿಕೆ ಕೊಟ್ಟು, ಜತೇಲಿ ಒಬ್ಬರು ಇದ್ದು ಹೆರಿಗೆ ಮಾಡಿಸೋದನ್ನ ನೋಡಿ ಬಂದು, ಪ್ಯಾರಿಸ್ಸಿನ ಕೂಲಿಕಾರ ಹೆಂಗಸರಿಗೆ ಅದನ್ನ ಶುರು ಮಾಡಿದ್ರು. ಅಲ್ಲಿ ಹೆತ್ತ ಮಾರ್ಜರಿ ಕಾರ್ಮೆಲ್ ಅನ್ನೋ ಅಮೆರಿಕದ ಹೆಂಗಸು 1959ರಲ್ಲಿ ಪುಸ್ತಕ ಬರೆದು ಇದನ್ನ ತನ್ನ ದೇಶಕ್ಕೆ ಒಯ್ದಳು. ಕಾರ್ಖಾನೆ ಕೂಲಿಗಳ ಆಸ್ಪತ್ರೇಲಿ ಬೆಳೆದದ್ದು ಈಗ ಫೈವ್ ಸ್ಟಾರ್ ಹೆರಿಗೆ ಪ್ಯಾಕೇಜಿನ ಒಂದು ಐಟಂ. ಅದನ್ನ ನೋಡಿ ಆಸೆಪಟ್ಟವನು ನನ್ನ ತಮ್ಮ, ಕಾರಿನ ಡ್ರೈವರ್.

ಬಾಬಾಸಾಹೇಬರ ಮಾತು ಇಲ್ಲಿ ನೆನಪಾಗುತ್ತೆ. 1928ರಲ್ಲಿ ಮುಂಬೈ ಶಾಸನ ಸಭೇಲಿ ಹೆರಿಗೆ ಭತ್ಯೆ ಮಸೂದೆ ಬಂದಾಗ ಅವರು ಬೆಂಬಲಿಸಿ ಮಾತಾಡಿದ್ರು. ಹೆರಿಗೆ ಮುಂಚೆ, ಆಮೇಲೆ ತಾಯಿಗೆ ವಿಶ್ರಾಂತಿ ಸಿಗೋದು ಇಡೀ ದೇಶದ ಹಿತ, ಅದರ ಹೊರೆಯನ್ನ ಸರ್ಕಾರ ಹೊರಬೇಕು, ದುಡಿಸಿಕೊಳ್ಳೋ ಮಾಲೀಕನೂ ಹೊರಬೇಕು ಅನ್ನೋದು ಅವರ ವಾದ. ಹೆರಿಗೆ ಮನೆಯೊಳಗಿನ ಗುಟ್ಟಲ್ಲ, ಸಾರ್ವಜನಿಕ ಲೆಕ್ಕ ಅಂತ ಆಗಲೇ ಹೇಳಿದ್ರು. ಅವರ ಮನೇಲೇ ರಮಾತಾಯಿ ಹೆತ್ತ ಐದು ಮಕ್ಕಳಲ್ಲಿ ಉಳಿದದ್ದು ಯಶವಂತ ಒಬ್ಬರೇ ಅನ್ನೋದನ್ನ ಮನಸ್ಸಲ್ಲಿಟ್ಟು ಆ ಭಾಷಣ ಓದಿ. ಅದಕ್ಕೂ ಮುಂಚೆ, 1863ರಲ್ಲಿ ಪುಣೆಯಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಇಬ್ಬರೂ ಸೇರಿ, ಬಸುರಾದ ಬ್ರಾಹ್ಮಣ ವಿಧವೆಯರು ಬಂದು ಗುಟ್ಟಾಗಿ ಹೆತ್ತು ಹೋಗಲಿ ಅಂತ ತಮ್ಮ ಮನೆಯನ್ನೇ ತೆರೆದಿಟ್ಟಿದ್ರು. ಆ ಹೆರಿಗೆಗಳ ಹೊತ್ತಲ್ಲಿ ಗಂಡ ಅನ್ನೋನು ಎಲ್ಲೂ ಇರಲಿಲ್ಲ. ಸಾವಿತ್ರಿಬಾಯಿ ಇದ್ದರು.

ಈಗ ಕಾನೂನು ಏನು ಹೇಳುತ್ತೆ ಅಂತ ಕೇಳಿ. ನಾನು ಗುಮಾಸ್ತ, ಸುತ್ತೋಲೆ ಓದೋದು ನನ್ನ ಹೊಟ್ಟೆಪಾಡು. 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೇಲಿ ಒಬ್ಬರು ಜತೆಗಾರರಿಗೆ ಅವಕಾಶ ಕೊಡ್ತು. ಆಕೆ ಮನೆಯ ಹೆಂಗಸಾಗಿರಬೇಕು, ಮೇಲಾಗಿ ತಾನೂ ಹೆತ್ತವಳಾದ್ರೆ ಒಳ್ಳೇದು. ಶುಭ್ರ ಬಟ್ಟೆ ಹಾಕಿರಬೇಕು, ಅಂಟುರೋಗ ಇರಬಾರದು, ಕೊನೇವರೆಗೂ ಇರಬೇಕು, ಸಿಬ್ಬಂದಿ ಕೆಲಸಕ್ಕೆ ಅಡ್ಡ ಬರಬಾರದು. ಆಮೇಲೆ ಒಂದು ಸಾಲು: ಹೆರಿಗೆ ಕೋಣೇಲಿ ಖಾಸಗಿತನದ ವ್ಯವಸ್ಥೆ ಇರೋ ಕಡೆ ಗಂಡನನ್ನೂ ಬಿಡಬಹುದು. 2017ರ ಕೊನೆಗೆ ಬಂದ 'ಲಕ್ಷ್ಯ' ಕಾರ್ಯಕ್ರಮದಲ್ಲೂ ಜತೆಗಾರರ ವಿಷಯ ಇದೆ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಹೆಣ್ಣು ಯಾರನ್ನ ಬಯಸ್ತಾಳೋ ಅವರು ಜತೆಗಿರಲಿ ಅಂತ ಹೇಳ್ತು.

ಖಾಸಗಿತನದ ವ್ಯವಸ್ಥೆ ಅಂದ್ರೆ ಏನು? ಒಂದು ಪರದೆ. ಎರಡು ಟೇಬಲ್ ನಡುವೆ ಒಂದು ಬಟ್ಟೆ ಪರದೆ. ದುಡ್ಡಿರೋರಿಗೆ ಒಂದು ಕೋಣೇನೇ ಸಿಗುತ್ತೆ, ಹಾಗಾಗಿ ಗಂಡನಿಗೆ ಪ್ರವೇಶ. ನಮ್ಮ ತಾಲೂಕಿನ ಆಸ್ಪತ್ರೇಲಿ ಮೂರು ಹೆಂಗಸರು ಸಾಲಾಗಿ ಮಲಗಿರ್ತಾರೆ. ಒಬ್ಬಳ ಗಂಡ ಒಳಗೆ ಬಂದ್ರೆ ಮಿಕ್ಕ ಇಬ್ಬರ ಮಾನ ಏನಾಗಬೇಕು? ಸಿಸ್ಟರ್ ಬೇಡ ಅನ್ನೋದು ಸರಿ. ಪರದೆ ಇಲ್ಲದಿರೋದು ಸರಿಯಲ್ಲ. ನಮ್ಮ ಗಂಡಸರು ಹೊರಗೆ ನಿಂತಿರೋದು ಸಂಸ್ಕೃತಿಯಿಂದ ಅಂತ ಭಾಷಣ ಮಾಡೋರಿಗೆ ಆ ಬಟ್ಟೆಯ ರೇಟು ಕೇಳಬೇಕು.

2007ರಲ್ಲಿ ನಾನೂ ಹೊರಗೆ ನಿಂತಿದ್ದೆ. ಯಾವ ಆಸ್ಪತ್ರೆ ಅಂತ ಬರೆಯಲ್ಲ. ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ. ಬಾಗಿಲ ಆಚೆಯಿಂದ ಹೆಂಡತಿ ಕೂಗೋದು ಕೇಳ್ತಿತ್ತು, ಜತೆಗೆ ಬೈಗುಳವೂ. "ಆಗ ಮಜಾ ಇತ್ತಾ, ಈಗ ಬಾಯಿ ಬಡ್ಕೋತೀಯಾ" ಅನ್ನೋ ತರದ್ದು. ಓದಿದ ಎಷ್ಟೋ ಅಕ್ಕಂದಿರಿಗೆ ಈ ಸಾಲು ಗೊತ್ತಿರುತ್ತೆ, ಕೇಳಿರ್ತೀರಿ. ನಡುರಾತ್ರಿ ಒಂದು ಕಾಗದ ತಂದು ಸಹಿ ಹಾಕು ಅಂದ್ರು. ಹಗಲೆಲ್ಲ ಬೇರೆಯವರ ಅರ್ಜಿಯ ಒಂದೊಂದು ಕಾಲಮ್ಮೂ ನೋಡೋ ನಾನು, ಅದನ್ನ ಓದದೇ ಸಹಿ ಹಾಕಿದೆ. ಬೆಳಗ್ಗೆ ಆಯಾ ಮಗುವನ್ನ ಬಟ್ಟೇಲಿ ಸುತ್ತಿ ತಂದು ಗಂಡಾದ್ರೆ ಐನೂರು, ಹೆಣ್ಣಾದ್ರೆ ಮುನ್ನೂರು ಅಂದ್ಲು. ಜನನಿ ಸುರಕ್ಷಾದಲ್ಲಿ ನಮಗೆ ಬರಬೇಕಾಗಿದ್ದದ್ದು ಏಳುನೂರು. ಮಗಳು ಹುಟ್ಟಿದ್ದಳು, ನಾನು ಐನೂರೇ ಕೊಟ್ಟೆ, ಅದೇನೋ ಹೆಮ್ಮೆ. ಆ ಆಯಾ ಕೂಡ ನಮ್ಮ ಕೇರಿಯವಳೇ, ಗುತ್ತಿಗೆ ನೌಕರಳು, ತಿಂಗಳುಗಟ್ಟಲೆ ಸಂಬಳ ಆಗಿರಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ಹೆರಿಗೆಯ ನೆತ್ತರು ಈಗಲೂ ಯಾರು ಒರೆಸ್ತಾರೆ, ಮಾಸನ್ನ ಹಳದಿ ಚೀಲಕ್ಕೆ ಯಾರು ಹಾಕ್ತಾರೆ, ಯಾವ ಆಸ್ಪತ್ರೆಗಾದ್ರೂ ಹೋಗಿ ಅವರ ಜಾತಿ ಕೇಳಿ ನೋಡಿ. ಅಜ್ಜಿ ಕೆಲಸದಲ್ಲಿ ಹೋದದ್ದು ಕೈಗುಣ, ಮರ್ಯಾದೆ. ಮೈಲಿಗೆ ಕೆಲಸ ಹಾಗೇ ಉಳೀತು.

ಅವತ್ತು ರಾತ್ರಿ ಒಳಗೆ ತನ್ನ ತೊಡೆಗೆ ಹೊಡೆದ್ರು ಅಂತ ಹೆಂಡತಿ ನನಗೆ ಹೇಳಿದ್ದು ಹದಿಮೂರು ವರ್ಷ ಆದಮೇಲೆ. ಲಾಕ್‌ಡೌನಲ್ಲಿ ಟಿವಿ ನೋಡ್ತಾ ಕೂತಿದ್ದಾಗ, ಏನೋ ಮಾತಿಗೆ ಮಾತು ಬಂದು, ಹಾಗೇ ಹೇಳಿದ್ಲು. "ಯಾಕೆ ಹೇಳಲಿಲ್ಲ?" ಅಂದೆ. "ಹೇಳಿದ್ರೆ ನೀನೇನು ಮಾಡ್ತಿದ್ದೆ, ಮನವಿ ಕೊಡ್ತಿದ್ದೆ" ಅಂದ್ಲು. ನಾನು ಒಳಗಿದ್ದಿದ್ರೆ ಕೈ ಹಿಡಿದು ತಡೀತಿದ್ನಾ? ಬೀದೀಲಿ ಘೋಷಣೆ ಕೂಗೋ ನಾನು ಬಿಳಿ ಕೋಟಿನ ಎದುರು ಎಷ್ಟು ಸಲ ಕೈಕಟ್ಟಿ ನಿಂತಿದೀನಿ ಅಂತ ನನಗೇ ಗೊತ್ತು. ಆದ್ರೆ ಮನೆಯವರೊಬ್ಬರು ನಿಂತು ನೋಡ್ತಿದ್ದಾರೆ ಅಂದ್ರೆ ಎತ್ತಿದ ಕೈ ಅರ್ಧಕ್ಕೆ ನಿಲ್ಲುತ್ತೆ. ಹಾಗಾಗಿ ತಮ್ಮ ಕೇಳಿದಾಗ ನಾನು ಅವನ ಕಡೆ ಆದೆ.

ಸೋಮವಾರ ನಮ್ಮ ಸಂಘಟನೆಯ ಹಿರಿಯ ಅಕ್ಕ ಒಬ್ಬರ ಹತ್ರ ಇದನ್ನ ಹೇಳಿದೆ. ಅವರು ನನ್ನನ್ನ ಚೆನ್ನಾಗಿ ಜಾಡಿಸಿದ್ರು. "ಎಲ್ಲ ಗಂಡಂದಿರೂ ನಿನ್ನ ತಮ್ಮನ ತರ ಅಂದ್ಕೊಂಡಿದ್ದೀಯಾ? ಕುಡಿದು ಬರೋನು, ಹೊಡೆಯೋನು, ಮಗು ಬಂದ ತಕ್ಷಣ ಕಾಲ ಸಂದಿ ನೋಡಿ ಮುಖ ತಿರುಗಿಸೋನು, ಅವನನ್ನೂ ಒಳಗೆ ಬಿಡಬೇಕಾ? ಅವಳಿಗೆ ಅವನಿಂದ ದೂರ ಇರೋಕೆ ಸಿಗೋದೇ ಅದೊಂದು ಕೋಣೆ ಆಗಿದ್ರೆ?" ಉತ್ತರ ಇರಲಿಲ್ಲ.

ಫ್ರಾನ್ಸಿನ ಮಿಶೆಲ್ ಓದಾಂ ಅನ್ನೋ ಹೆಸರುವಾಸಿ ಹೆರಿಗೆ ಡಾಕ್ಟರು ಬೇರೆ ದಾರೀಲಿ ಇದೇ ತೀರ್ಮಾನಕ್ಕೆ ಬಂದವರು. ಗಂಡನ ಗಾಬರಿ ಹೆಂಡತಿಗೆ ಅಂಟುತ್ತೆ, ಅನುಭವ ಇರೋ ಒಬ್ಬ ಸೂಲಗಿತ್ತಿ ಸುಮ್ಮನೆ ಮೂಲೇಲಿ ಕೂತಿದ್ರೆ ಸಾಕು ಅಂತ ಅವರ ಮಾತು. ಅವರು ಹೇಳೋದೆಲ್ಲ ನಾನು ಒಪ್ಪಲ್ಲ. ಆದ್ರೆ ಸಂಶೋಧನೆ ಬಗ್ಗೆ ಹುಡುಕಿದಾಗ ಸಿಕ್ಕಿದ್ದು ನನ್ನನ್ನ ನಿಜಕ್ಕೂ ಹಿಡಿದು ನಿಲ್ಲಿಸ್ತು. 1980ರಲ್ಲಿ ಪ್ರಕಟವಾದ, ಗ್ವಾಟೆಮಾಲಾದ ಸರ್ಕಾರಿ ಆಸ್ಪತ್ರೇಲಿ ನಡೆದ ಅಧ್ಯಯನ. ಹೆರಿಗೆಗೆ ಬಂದ ಬಡ ಹೆಂಗಸರಲ್ಲಿ ಕೆಲವರ ಜತೆ ಒಬ್ಬ ಸಾಮಾನ್ಯ ಹೆಂಗಸನ್ನ ಕೂರಿಸಿದ್ರು. ಡಾಕ್ಟರಲ್ಲ, ನರ್ಸಲ್ಲ, ನೆಂಟಳೂ ಅಲ್ಲ, ಮುಂಚೆ ಮುಖ ಕೂಡ ನೋಡಿಲ್ಲ. ಬೆನ್ನು ನೀವೋದು, ಕೈ ಹಿಡಿಯೋದು, ಮಾತಾಡ್ಸೋದು, ಅಷ್ಟೇ. ಒಂಟಿಯಾಗಿ ಹೆತ್ತವರಿಗಿಂತ ಅವರ ಹೆರಿಗೆ ಅರ್ಧಕ್ಕಿಂತ ಕಡಿಮೆ ಹೊತ್ತಲ್ಲಿ ಮುಗೀತು. ಆಮೇಲೆ ಹತ್ತಾರು ದೇಶಗಳಲ್ಲಿ ಇಂಥ ಅಧ್ಯಯನಗಳಾದವು. 2017ರಲ್ಲಿ ಕೊಕ್ರೇನ್ ಸಂಸ್ಥೆ 17 ದೇಶಗಳ 15 ಸಾವಿರಕ್ಕೂ ಹೆಚ್ಚು ಹೆಂಗಸರ ಲೆಕ್ಕ ಒಟ್ಟು ಹಾಕಿ, ಬಿಡದೆ ಜತೆಗೊಬ್ಬರಿದ್ದರೆ ಸಿಸೇರಿಯನ್ ಕಡಿಮೆ, ಸಹಜ ಹೆರಿಗೆ ಜಾಸ್ತಿ, ಹೆರಿಗೆ ಹೊತ್ತು ಕಡಿಮೆ ಅಂತ ಹೇಳ್ತು. ಈಗ ಸಿಟೀಲಿ ಈ ಕೆಲಸಕ್ಕೆ 'ಡೌಲಾ' ಅಂತ ಹೆಸರು, ಫೀಸು ಬೇರೆ.

ನಮ್ಮಜ್ಜಿ ಅದನ್ನೇ ಮಾಡ್ತಿದ್ಲು. ಮೊರದ ಅಕ್ಕಿಗೆ.

ಅಷ್ಟೆಲ್ಲ ಓದಿ, ಬಾಬಾಸಾಹೇಬರಿಂದ ಗ್ವಾಟೆಮಾಲಾವರೆಗೆ ಸುತ್ತಿ, ಮೊನ್ನೆ ಗುರುವಾರ ಸಂಜೆ ತಮ್ಮನ ಮನೆಗೆ ಹೋದೆ. ಅರ್ಜಿಯ ಕರಡೂ ಜೇಬಲ್ಲಿತ್ತು. ಅಣ್ಣತಮ್ಮ ಇಬ್ಬರೂ ಚರ್ಚೆ ಮಾಡ್ತಿದ್ದೆವು, ಅವ್ವ ಮುಖ ಊದಿಸ್ಕೊಂಡು ಕೂತಿದ್ಲು. ತಮ್ಮನ ಹೆಂಡತಿ ಟೀ ತಂದಿಟ್ಟು, "ಭಾವ, ಒಂದು ಮಾತು ಹೇಳ್ಲಾ?" ಅಂದ್ಲು. ನಾಲ್ಕು ದಿನದಿಂದ ಮನೆಯವರೆಲ್ಲ ಮಾತಾಡಿದ್ವಿ, ಅವಳನ್ನ ಒಬ್ಬರೂ ಕೇಳಿರಲಿಲ್ಲ. ಅವಳಂದಳು: "ಇವರು ನೆತ್ತರು ಕಂಡ್ರೆ ತಲೆಸುತ್ತಿ ಬೀಳ್ತಾರೆ. ಆಮೇಲೆ ಅವರನ್ನ ನೋಡ್ಕೊಳ್ಳೋರು ಯಾರು? ಬಾಗಿಲಲ್ಲಿ ಇರಲಿ, ನಾನು ಕೂಗಿದ್ರೆ ಕೇಳ್ಬೇಕು. ಒಳಗೆ ನಮ್ಮ ಚಿಕ್ಕವ್ವ ಬರಲಿ. ನಾಲ್ಕು ಹೆತ್ತಿದ್ದಾಳೆ, ಬಾಯಿ ಜೋರು, ಸಿಸ್ಟರಿಗೂ ಹೆದರಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಪಕ್ಕದ ಟೇಬಲಿನವಳಿಗೆ ಗಂಡ ಬೇಕು ಅನ್ಸಿದ್ರೆ ಅವನೂ ಬರಲಿ, ಆದ್ರೆ ಪರದೆ ಹಾಕಿಸಿ" ಅಂದ್ಲು. ತಮ್ಮನಿಗೆ ಬೇಜಾರಾಯ್ತು, ಎದ್ದು ಹೊರಗೆ ಹೋದ. ಅವ್ವ ಗೆದ್ದೆ ಅನ್ನೋ ಹಾಗೆ ಅಡಿಕೆ ಬಾಯಿಗೆ ಹಾಕ್ಕೊಂಡ್ಲು, ಅವಳೂ ಪೂರ್ತಿ ಗೆದ್ದಿರಲಿಲ್ಲ.

ನಿನ್ನೆ ಕಚೇರಿಗೆ ಅರ್ಧ ದಿನ ರಜೆ ಹಾಕಿ ತಾಲೂಕು ಆಸ್ಪತ್ರೆಗೆ ಹೋದೆ. ಅರ್ಜಿ ತಿದ್ದಿ ಬರೆದಿದ್ದೆ. ಒಂದು, ಹೆರಿಗೆಗೆ ಬರೋ ಪ್ರತಿ ಹೆಣ್ಣಿಗೂ ತಾನು ಯಾರನ್ನ ಜತೆಗೆ ಕರ್ಕೊಂಡು ಬರ್ತೀನಿ ಅಂತ ಹೇಳೋ ಅವಕಾಶ ಕೊಡಬೇಕು, ಅದನ್ನ ಕೇಸ್ ಶೀಟಿನಲ್ಲಿ ಬರೀಬೇಕು. ಎರಡು, ಆರೋಗ್ಯ ರಕ್ಷಾ ಸಮಿತಿ ಹಣದಲ್ಲಿ ಹೆರಿಗೆ ಕೋಣೆಗೆ ಪರದೆ ಹಾಕಿಸಬೇಕು. ಮೂರು, ಹೆರಿಗೆ ಕೋಣೆಯ ಗುತ್ತಿಗೆ ಆಯಾಗಳ ಬಾಕಿ ಸಂಬಳ ಕೊಡಬೇಕು. ಡಾಕ್ಟರು ಓದಿ, ಮೊದಲನೇದು ಆಗಬಹುದು, ಚಿಕ್ಕಮ್ಮ ಬರಲಿ ಅಂದ್ರು. ಮೂರನೇದು ನನ್ನ ಕೈಲಿಲ್ಲ ಅಂದ್ರು. ಎರಡನೇದಕ್ಕೆ ಪಕ್ಕದಲ್ಲಿದ್ದ ಸಿಸ್ಟರೇ ಉತ್ತರ ಕೊಟ್ಟರು: "ರಾಡು ಹಾಕಿ ಎರಡು ವರ್ಷ ಆಯ್ತು ಸಾರ್, ಬಟ್ಟೆ ಬಂದಿಲ್ಲ."

ಸ್ವೀಕೃತಿ ಮುದ್ರೆ ಹಾಕಿಸ್ಕೊಂಡು ಬಂದಿದ್ದೀನಿ. ಅರ್ಜಿಯ ನಕಲು ಕೆಳಗೆ ಕಾಮೆಂಟಲ್ಲಿ ಹಾಕ್ತೀನಿ, ಊರಿನ ಹೆಸರು ಬದಲಿಸಿ ನಿಮ್ಮ ತಾಲೂಕಲ್ಲೂ ಕೊಡಿ. ಮುಂದಿನ ಸಮಿತಿ ಸಭೆ ಯಾವಾಗ ಅಂತ ಕೇಳಿದೀನಿ, ದಿನಾಂಕ ಗೊತ್ತಾದ ಮೇಲೆ ತಿಳಿಸ್ತೀನಿ. ಅವತ್ತು ಬರೋಕಾಗೋ ಅಕ್ಕಂದಿರು ದಯವಿಟ್ಟು ಬನ್ನಿ, ನಾನೊಬ್ಬ ಗಂಡಸು ಹೋಗಿ ಹೆರಿಗೆ ಕೋಣೆ ಪರದೆ ಬಗ್ಗೆ ಮಾತಾಡಿದ್ರೆ ನಗ್ತಾರೆ. ಜೈ ಭೀಮ್.